ಮಿಂಬರಿನ ಎಡಮಗ್ಗುಲು

ಎಣ್ಣೆ ಹಚ್ಚುವುದೊಂದು ಬಾಕಿ ಇತ್ತು. ಮಧ್ಯಾಹ್ನದ ನಮಾಜು ಮುಗಿದು ಮಸೀದಿ ಖಾಲಿಯಾಗಿತ್ತು. ಅಳಿಯ ಹಳೆಯ ಬನಿಯನ್ನಿನ ತುಂಡನ್ನು ಎಣ್ಣೆಯಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಮಿಂಬರಿನ ಎಡಮಗ್ಗುಲನ್ನು ಒರೆಸುತ್ತಾ ಬಂದ. ಎಣ್ಣೆ ತಾಗಿದಲ್ಲೆಲ್ಲ ಮರದ ಬಣ್ಣ ಗಾಢವಾಗುತ್ತಿತ್ತು. ಹಳೆಯ ತುಂಡು ಯಾವುದು, ಹೊಸದು ಯಾವುದು ಎಂದು ಈಗ ಹತ್ತಿರ ಬಂದು ನೋಡಿದರೆ ಮಾತ್ರ ತಿಳಿಯುತ್ತಿತ್ತು.

ಅಳಿಯ ಎನ್ನುವುದು ಬೀದಿಯವರು ಇಟ್ಟ ಹೆಸರು. ಹೆಂಡತಿಯ ಮನೆಯಲ್ಲೇ ಇದ್ದು, ತೀರಿಹೋದ ಮಾವನ ಮರಗೆಲಸದ ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದುದರಿಂದ ಹಾಗೆ ಕರೆಯುತ್ತಿದ್ದರು. ಆ ಬೀದಿಯಲ್ಲಿ ಅಳಿಯಂದಿರು ಬೇಕಾದಷ್ಟು ಜನ ಇದ್ದರು, ಆದರೆ ಅಳಿಯ ಎಂದರೆ ಇವನೊಬ್ಬನೇ. ಅಂಗಡಿಯಲ್ಲಿ ಅಳತೆ ಮಾಡಿ ಕೂಡಿಸುವ ಕೆಲಸ ಅವನದು, ಕೆತ್ತುವ ಕೆಲಸ ಹೆಂಡತಿಯದು, ಗಿರಾಕಿಗಳ ಹತ್ತಿರ ಮಾತಾಡುವುದು ಹೆಂಡತಿಯ ತಮ್ಮನದು. ಅತ್ತೆ ಉಳಿ ಹಿಡಿಯುತ್ತಿರಲಿಲ್ಲ, ಆದರೆ ಯಾರು ಹಿಡಿದರೂ ಅವರ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದಳು.

ಮಿಂಬರ್ ಎಂದರೆ ಶುಕ್ರವಾರ ಇಮಾಮರು ಹತ್ತಿ ನಿಂತು ಜನರಿಗೆ ಉಪದೇಶ ಹೇಳುವ ಮೆಟ್ಟಿಲುಗಳ ಪೀಠ. ಈ ಮಸೀದಿಯದು ಅಕ್ರೋಟು ಮರದ್ದು, ಹಲವು ತಲೆಮಾರುಗಳಷ್ಟು ಹಳೆಯದು. ಅದರ ಎರಡೂ ಮಗ್ಗುಲುಗಳು ಮೆಟ್ಟಿಲಿನ ಏರಿಗೆ ತಕ್ಕಂತೆ ತ್ರಿಕೋನಾಕಾರವಾಗಿದ್ದವು. ದೂರದಿಂದ ನೋಡಿದವರು ದೊಡ್ಡದೊಂದು ಹಲಗೆಯ ಮೇಲೆ ನಕ್ಷತ್ರಗಳನ್ನು ಕೆತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಅಲ್ಲಿ ಹಲಗೆಯೇ ಇರಲಿಲ್ಲ. ನಕ್ಷತ್ರ ಒಂದು ತುಂಡು, ಅದರ ಸುತ್ತಲಿನ ಗಾಳಿಪಟದ ಆಕಾರದವು ಬೇರೆ ಬೇರೆ ತುಂಡುಗಳು, ಪಂಚಕೋನಗಳು ಮತ್ತೆ ಬೇರೆ. ಪ್ರತಿಯೊಂದರ ಅಂಚಿಗೂ ತೆಳ್ಳಗೆ ಒಂದು ನಾಲಿಗೆ. ತುಂಡುಗಳ ನಡುವೆ ಓಡುವ ಪಟ್ಟಿಗಳ ಎರಡೂ ಬದಿಗೆ ತೋಡು. ನಾಲಿಗೆ ತೋಡಿನೊಳಗೆ ಕೂತು ಒಂದನ್ನೊಂದು ಹಿಡಿದುಕೊಳ್ಳುತ್ತದೆ, ಎಲ್ಲವನ್ನೂ ಕೊನೆಗೆ ಹೊರಚೌಕಟ್ಟು ಹಿಡಿದುಕೊಳ್ಳುತ್ತದೆ. ಮೊಳೆ ಇಲ್ಲ, ಅಂಟು ಇಲ್ಲ. ತೇವಕ್ಕೆ ಮರ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ತುಂಡುಗಳು ತೋಡಿನೊಳಗೇ ಚೂರು ಅತ್ತಿತ್ತ ಸರಿದು ಸುಧಾರಿಸಿಕೊಳ್ಳುತ್ತವೆ. ಒಂದೇ ಹಲಗೆಯಾಗಿದ್ದರೆ ಎಂದೋ ಸೀಳಿಹೋಗುತ್ತಿತ್ತು.

ಛಾವಣಿ ಸೋರಿ ಎಡಮಗ್ಗುಲಿನ ಕೆಳಭಾಗ ಕೊಳೆತಿತ್ತು. ಅಳಿಯ ಅದನ್ನು ಪೂರ್ತಿ ಬಿಚ್ಚಿ ಅಂಗಡಿಗೆ ತಂದು, ಕೊಳೆತ ತುಂಡುಗಳ ಬದಲು ಹೊಸವನ್ನು ಕೊಯ್ದು, ಹೆಂಡತಿ ಅವುಗಳ ಮೇಲೆ ಹಳೆಯದರಂತೆಯೇ ಬಳ್ಳಿ ಕೆತ್ತಿ, ಹೋದ ತಿಂಗಳು ಮತ್ತೆ ಜೋಡಿಸಿ ನಿಲ್ಲಿಸಿದ್ದರು. ಜೋಡಿಸಿದ ದಿನ ನೋಡಲು ಬಂದ ಹಿರಿಯರೊಬ್ಬರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, "ಕೂದಲು ತೂರೋಕೂ ಜಾಗ ಇಲ್ಲ ಕಣಯ್ಯಾ" ಎಂದು ಬೆನ್ನು ತಟ್ಟಿದ್ದರು.

ಈಗ ಎಣ್ಣೆ ಒರೆಸುವಾಗ ಅಳಿಯನ ಅಂಗೈ ಒಂದು ನಕ್ಷತ್ರದ ಮೇಲೆ ನಿಂತಿತು. ಒತ್ತಿ ನೋಡಿದ. ಅಲುಗಲಿಲ್ಲ. ಪಕ್ಕದ ಪಂಚಕೋನ ಒತ್ತಿದ. ಅದೂ ಗೋಡೆಯ ಹಾಗೆ ನಿಂತಿತ್ತು. ಎದ್ದು ಮಿಂಬರಿನ ಬಲಗಡೆಗೆ ಹೋದ. ಯಾರೂ ಬಿಚ್ಚದ ಹಳೆಯ ಮಗ್ಗುಲು ಅದು. ಅಂಗೈ ಇಟ್ಟ ಕೂಡಲೇ ತುಂಡುಗಳು ಒಳಗೊಳಗೇ ಕಟಕಟ ಎಂದವು. ಮತ್ತೆ ಎಡಕ್ಕೆ ಬಂದ. ಸದ್ದಿಲ್ಲ.

ಇದು ಒಣಹವೆಯ ಕಾಲ, ಮರ ಕುಗ್ಗಿರಬೇಕಾದ ಹೊತ್ತು. ಈಗಲೇ ಇಷ್ಟು ಬಿಗಿಯಾಗಿದ್ದರೆ ಮಳೆ ಹಿಡಿದಾಗ ಹೊಸ ತುಂಡುಗಳು ಹಿಗ್ಗುವುದಕ್ಕೆ ಜಾಗ ಎಲ್ಲಿದೆ? ಪಕ್ಕದ ಹಳೆಯ ತುಂಡುಗಳನ್ನೇ ಒತ್ತಬೇಕು. ಹಳೆಯ ಮರ ಒಂದು ಮಿತಿಯವರೆಗೆ ತಾಳುತ್ತದೆ, ಆಮೇಲೆ ಸೀಳುತ್ತದೆ. ಸೀಳಿದ ಮೇಲೆ ಅದನ್ನು ಕೆತ್ತಿದ ಕೈಯನ್ನು ಎಲ್ಲಿಂದ ತರುವುದು?

ಹಾಗೆಂದುಕೊಂಡ ಮರುಕ್ಷಣವೇ ಇನ್ನೊಂದು ಯೋಚನೆ ಬಂತು: ಬಲಮಗ್ಗುಲು ಸವೆದು ಸಡಿಲವಾಗಿರಬಹುದಲ್ಲವೆ? ಇದೇ ಸರಿಯಾದ ಬಿಗಿ ಇರಬಹುದಲ್ಲವೆ?

ಭಾವಮೈದುನ ಚಪ್ಪಲಿ ಹೊರಗೆ ಬಿಟ್ಟು, ವಾಹನದ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ಒಳಗೆ ಬಂದ.

"ಮುಗೀತಾ ಭಾವ? ಈ ಶುಕ್ರವಾರ ಇಮಾಮ್ ಸಾಹೇಬ್ರು ಹತ್ತೇ ಹತ್ತುತಾರೆ ಅಂತ ಊರಿಗೆಲ್ಲ ಹೇಳ್ಬಿಟ್ಟಿದ್ದೀನಿ."

"ಇದು ಅಲ್ಲಾಡ್ತಾ ಇಲ್ಲ ಕಣೋ."

"ಅಲ್ಲಾಡಬಾರದು ಅಂತ ತಾನೇ ನಮಗೆ ಕೆಲಸ ಕೊಟ್ಟಿರೋದು?"

"ಹಾಗಲ್ಲ. ಚೂರು ಅಲ್ಲಾಡಬೇಕು. ಬಿಚ್ಚಿ ನೋಡಬೇಕಾಗುತ್ತೋ ಏನೋ."

ಭಾವಮೈದುನ ಕೀಲಿ ತಿರುಗಿಸುವುದನ್ನು ನಿಲ್ಲಿಸಿದ. "ಭಾವ, ಆ ಗಿರಾಕಿ ಮನೆಯ ಬೀರು ನೆನಪಿದೆಯಾ? ಬಾಗಿಲು ಕಿರ್ ಅನ್ನುತ್ತೆ ಅಂತ ನಿಮಗೊಬ್ಬರಿಗೇ ಕೇಳಿಸಿತು. ಅವರು ಮನೇಲಿ ಇಲ್ಲದಾಗ ಹೋಗಿ ಬಿಚ್ಚಿದ್ರಿ. ಆಯಮ್ಮ ಬಂದು ಕಳ್ಳ ಕಳ್ಳ ಅಂತ ಬಾಯಿ ಬಡ್ಕೊಂಡ್ರು. ನಾನು ಹೋಗಿ, ಇವರು ಕಳ್ಳ ಅಲ್ಲಮ್ಮ, ನಮ್ಮ ಭಾವ, ಸ್ವಲ್ಪ ಅನುಮಾನ ಜಾಸ್ತಿ ಅಂತ ಬಿಡಿಸ್ಕೊಂಡು ಬಂದೆ. ಬಾಗಿಲು ಸರಿಯಾಗೇ ಇತ್ತು."

ಅದು ನಿಜ. ಬಾಗಿಲು ಸರಿಯಾಗೇ ಇತ್ತು. ಅಂಥವು ಬೇರೆಯೂ ಇದ್ದವು. ಅಳಿಯ ಎಣ್ಣೆಯ ಡಬ್ಬಿ ಮುಚ್ಚಿ ಹೊರಟ.

ಸಂಜೆ ಊಟಕ್ಕೆ ಕೂತಾಗ ವಿಷಯ ತಾನಾಗಿಯೇ ಬಂತು, ಅಂದರೆ ಭಾವಮೈದುನನೇ ತಂದ. "ಅಮ್ಮಾ, ನಿನ್ನ ಅಳಿಯಂದಿರು ಮಿಂಬರ್ ಬಿಚ್ಚುತಾರಂತೆ."

ಹೆಂಡತಿ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. "ಏನು ಬಿಚ್ಚೋದು?"

"ಬಿಚ್ಚುತೀನಿ ಅಂದಿಲ್ಲ. ಬಿಗಿ ಜಾಸ್ತಿ ಆಗಿದೆಯೇನೋ ಅಂತ..."

"ಬಿಗಿ ಆಗಿರೋದನ್ನ ಎಳೆದರೆ ನನ್ನ ನಕ್ಷತ್ರದ ಮೂಲೆಗಳು ಉಳಿಯುತ್ತಾ? ಹೇಳಿ. ಒಂದೊಂದು ಮೂಲೆ ತೆಗೆಯೋಕೆ ಉಸಿರು ಬಿಗಿಹಿಡಿದು ಕೂತಿದ್ದೀನಿ ರೀ ನಾನು. ನೀವು ಅಳತೆ ಹಿಡ್ಕೊಂಡು ಓಡಾಡ್ತಿದ್ರಿ, ನಾನು ಕತ್ತು ಬಗ್ಗಿಸ್ಕೊಂಡು ಕೆತ್ತುತಾ ಇದ್ದೆ. ಈಗಲೂ ಈ ಕಡೆ ತಿರುಗಿದರೆ ಕತ್ತು ಹಿಡ್ಕೊಳ್ಳುತ್ತೆ."

"ಅದು ಗೊತ್ತು ಕಣೆ."

"ಗೊತ್ತಿದ್ದೂ ಬಿಚ್ಚುತೀರಾ?"

ಅತ್ತೆ ಮಗನ ತಟ್ಟೆಗೆ ಬಡಿಸುತ್ತಾ, "ಅಳಿಯಂದಿರೇ, ಆ ಹೊಸ ಮರ ಒಣಗಿತ್ತಾ?" ಎಂದು ಕೇಳಿದಳು.

"ಚೆನ್ನಾಗಿ ಒಣಗಿಸಿದ್ದೆ ಅತ್ತೆ. ಹಸಿ ಮರ ಹಾಕಿದರೆ ಆಮೇಲೆ ಕುಗ್ಗಿ ನಕ್ಷತ್ರ ತೋಡಿಂದ ಕಳಚಿ ಕೆಳಗೆ ಬೀಳುತ್ತೆ. ಯಾರ ತಲೆ ಮೇಲಾದರೂ ಬಿದ್ದರೆ ಅಂತ ನನಗೆ ಭಯ ಇತ್ತು. ಒಲೆ ಮೇಲಿನ ಅಟ್ಟದಲ್ಲೇ ಇಟ್ಟಿದ್ದೆ. ಕೊಯ್ದ ಮೇಲೂ ಸಂಜೆ ಸಂಜೆ ತುಂಡುಗಳನ್ನ ಅಲ್ಲಿಗೇ ಹತ್ತಿಸ್ತಾ ಇದ್ದೆ. ಜೋಡಿಸೋ ದಿನವೂ ನೇರ ಅಲ್ಲಿಂದಲೇ ಇಳಿಸಿದ್ದು..."

ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣದಾಯಿತು. ಅಂಗಡಿಯ ಒಲೆ ದಿನವಿಡೀ ಉರಿಯುತ್ತಿತ್ತು. ಅದರ ಮೇಲಿನ ಅಟ್ಟದಲ್ಲಿ ಬಟ್ಟೆ ಹಾಕಿದರೆ ತಿರುಗಿ ನೋಡುವಷ್ಟರಲ್ಲಿ ಒಣಗುತ್ತಿತ್ತು. ಮಸೀದಿಯಲ್ಲಾದರೋ ಕೈಕಾಲು ತೊಳೆಯುವ ಕೊಳ ಪಕ್ಕದಲ್ಲೇ ಇತ್ತು, ನೆಲ ದಿನಾ ತೊಳೆಯುತ್ತಿದ್ದರು. ಅಟ್ಟದ ಮೇಲೆ ಮರ ತನ್ನ ಸಹಜ ಅಳತೆಗಿಂತಲೂ ಕುಗ್ಗಿ ಕೂತಿತ್ತು, ಅವನು ಆ ಕುಗ್ಗಿದ ಮರವನ್ನು ಕೂದಲೂ ತೂರದ ಹಾಗೆ ಕೂಡಿಸಿದ್ದ. ತುಂಡು ಬೀಳಬಾರದೆಂದು ವಹಿಸಿದ ಕಾಳಜಿಯೇ ಈಗ ಬಿಗಿಯಾಗಿತ್ತು. ಅಥವಾ, ಬೀರುವಿನ ಬಾಗಿಲಿನಂತೆ, ಇದೂ ಅವನ ತಲೆಯೊಳಗಿನ ಕಿರ್ ಸದ್ದೇ ಆಗಿರಬಹುದು.

"ಜಾಸ್ತಿ ಒಣಗಿಸಿದರೂ ಕಷ್ಟ, ಕಮ್ಮಿ ಒಣಗಿಸಿದರೂ ಕಷ್ಟ. ಇನ್ಮೇಲೆ ಕಬ್ಬಿಣದ ಕೆಲಸ ಹಿಡಿಯೋಣ," ಎಂದ ಭಾವಮೈದುನ.

ಬೆಳಿಗ್ಗೆ ಅಳಿಯ ಎಲ್ಲರಿಗಿಂತ ಮೊದಲು ಅಂಗಡಿಯ ಬಾಗಿಲು ತೆಗೆದ. ಯಾವುದನ್ನು ಮಾಡಿದರೂ ಒಂದು ಹೆಚ್ಚಿಗೆ ಮಾಡಿಡುವುದು ಅವನ ಅಭ್ಯಾಸ. ಗಾಳಿಪಟದ ತುಂಡುಗಳಲ್ಲೂ ಹಾಗೆ ಒಂದು ಉಳಿದಿತ್ತು. ಹುಡುಕಿದಾಗ ಅದು ಕಿಟಕಿಯ ಕಟ್ಟೆಯ ಮೇಲೆ, ನೀರಿನ ಕೊಡದ ಪಕ್ಕ, ಧೂಳು ಹಿಡಿದು ಕೂತಿತ್ತು. ಮಿಂಬರನ್ನು ಜೋಡಿಸಿದ ದಿನದಿಂದ ಅದು ಒಲೆಯ ಹತ್ತಿರ ಹೋಗಿರಲಿಲ್ಲ. ಅಳತೆಗೆಂದು ಕತ್ತರಿಸಿಟ್ಟ ತಗಡಿನ ಅಚ್ಚು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಪ್ರತಿ ತುಂಡನ್ನೂ ಅವನು ಆ ಅಚ್ಚಿಗೆ ಸರಿಸಮ ಮಾಡಿಯೇ ಕೆಳಗಿಟ್ಟಿದ್ದ. ತಗಡು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ.

ತುಂಡಿನ ಮೇಲೆ ತಗಡನ್ನು ಇಟ್ಟ. ಮರ ತಗಡಿನಿಂದ ಚೂರು ಹೊರಗೆ ಚಾಚಿತ್ತು, ಒಲೆಯಿಂದ ದೂರವಿದ್ದು ಹಿಗ್ಗಿದ ಹಾಗೆ. ಉಗುರು ಇಟ್ಟು ಎಳೆದ. ಉಗುರು ಸಿಕ್ಕಿಕೊಂಡಿತು.

ಅವನು ಬೆಂಚಿನ ಮೇಲೆ ಕೂತ. ಮತ್ತೆ ಎದ್ದ. ಒಂದು ತುಂಡು ದೊಡ್ಡದಾಯಿತೆಂದು ಅವನೇ ಬದಿಗಿಟ್ಟದ್ದು ನೆನಪಾಯಿತು. ಇದು ಅದೇ ಇದ್ದರೆ? ಆಗ ಈ ಪರೀಕ್ಷೆಗೆ ಬೆಲೆಯೇ ಇಲ್ಲ. ತುಂಡಿನ ಬೆನ್ನು ನೋಡಿದ, ಗುರುತಿಲ್ಲ. ಬೆಳಕಿಗೆ ಹಿಡಿದ. ಮೂಸಿ ಕೂಡ ನೋಡಿದ.

ಹೆಂಡತಿ ಒಳಗೆ ಬಂದವಳು ಅವನು ಮರ ಮೂಸುವುದನ್ನು ಕಂಡು ಬಾಗಿಲಲ್ಲೇ ನಿಂತಳು.

"ಏನ್ರೀ ಅದು?"

"ಹೆಚ್ಚಿಗೆ ಮಾಡಿದ್ದ ತುಂಡು. ತಗಡಿಗಿಂತ ದೊಡ್ಡದಾಗಿದೆ. ಆದರೆ ನಾನು ಬೇಡ ಅಂತ ಪಕ್ಕಕ್ಕೆ ಹಾಕಿದ ದೊಡ್ಡ ತುಂಡು ಇದೇ ಇರಬಹುದು. ಯಾವುದು ಅಂತ ಗೊತ್ತಾಗ್ತಾ ಇಲ್ಲ."

ಅವಳು ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅದರ ಮೇಲೆ ಅರ್ಧ ಕೆತ್ತಿ ಬಿಟ್ಟಿದ್ದ ಬಳ್ಳಿ ಅವಳ ಕೈಯದೇ. ತುಂಡನ್ನು ವಾಪಸ್ ಬೆಂಚಿನ ಮೇಲಿಟ್ಟು, ತನ್ನ ಉಳಿಗಳನ್ನು ಹರಡಿಕೊಂಡು, ಒಂದನ್ನು ಕಲ್ಲಿನ ಮೇಲೆ ಮಸೆಯಲು ಶುರು ಮಾಡಿದಳು. ಅಳಿಯ ಮತ್ತೆ ತುಂಡನ್ನು ಕಿಟಕಿಗೆ ಹಿಡಿದು ಹಿಂದೆ ಮುಂದೆ ನೋಡುತ್ತಿದ್ದ.

ಅವಳು ಮಸೆಯುವುದನ್ನು ನಿಲ್ಲಿಸಿದಳು. ತಲೆ ಎತ್ತಲಿಲ್ಲ.

"ಅದು ದೊಡ್ಡದಾಗಿದ್ದ ತುಂಡು ಅಲ್ಲ."

"ನಿನಗೆ ಹೇಗೆ ಗೊತ್ತು?"

"ಆ ತುಂಡನ್ನ ನಾನು ಒಲೆಗೆ ಹಾಕಿದೆ. ಚಹಾಕ್ಕೆ ನೀರು ಕಾಯ್ತಾ ಇರಲಿಲ್ಲ, ಕೈಗೆ ಸಿಕ್ಕಿತು, ಹಾಕಿದೆ. ನೀವೇ ಕುಡಿದಿದ್ದೀರಿ ಆ ಚಹಾ."

"ಖಂಡಿತ?"

"ನಿಮ್ಮ ಹಾಗೆ ಎಲ್ಲರಿಗೂ ಅನುಮಾನ ಇರುತ್ತಾ? ಖಂಡಿತ." ಉಳಿಯ ಬಾಯಿಯನ್ನು ಬಟ್ಟೆಯಿಂದ ಒರೆಸಿ ಕೆಳಗಿಟ್ಟಳು. "ಬಿಚ್ಚೋದಾದರೆ ನಾನೂ ಬರ್ತೀನಿ. ನನ್ನ ನಕ್ಷತ್ರನ ನೀವು ಮುಟ್ಟೋ ಹಾಗಿಲ್ಲ. ನಾನೇ ತೆಗೀತೀನಿ."

ಇಮಾಮರ ಕೋಣೆ ಮಸೀದಿಯ ಹಿಂಭಾಗದಲ್ಲಿತ್ತು. ಗಂಡ, ಹೆಂಡತಿ, ಭಾವಮೈದುನ ಮೂವರೂ ಅಲ್ಲಿಗೆ ಹೋದರು. ಒಂದು ಮೇಜು, ಎರಡು ಕುರ್ಚಿ, ಕಪಾಟಿನ ತುಂಬ ಪುಸ್ತಕ. ಇಮಾಮರು ಕುಳ್ಳಗಿನವರು. ಮಿಂಬರಿನ ಮಗ್ಗುಲು ಬಿಚ್ಚಿದ್ದ ಒಂದು ವರ್ಷ ನೆಲದ ಮೇಲೆಯೇ ನಿಂತು ಉಪದೇಶ ಹೇಳಿದ್ದರು.

ಭಾವಮೈದುನ ಬಾಗಿಲಿಗೆ ಒರಗಿ, "ನಾನು ಬಾಯಿ ಬಿಡಲ್ಲ, ನೀವೇ ಹೇಳಿ ಭಾವ. ಮಾತು ಕೊಟ್ಟಿದ್ದು ನಾನು, ಮುರೀತಾ ಇರೋದು ನೀವು," ಎಂದು ಮುಖ ಊದಿಸಿಕೊಂಡು ನಿಂತ.

ಅಳಿಯ ಹೇಳಿದ. ಒಲೆ, ಅಟ್ಟ, ತಗಡು ಎಲ್ಲವನ್ನೂ ಹೇಳಿದ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ. ಇಮಾಮರು ಗಡ್ಡ ಸವರಿಕೊಳ್ಳುತ್ತಾ ಕೇಳಿದರು.

"ಅಲ್ಲಪ್ಪಾ, ನಾನು ನೆಲದ ಮೇಲೆ ನಿಂತರೆ ಮೂರನೇ ಸಾಲಿನವರಿಗೆ ನನ್ನ ಟೋಪಿ ಮಾತ್ರ ಕಾಣುತ್ತೆ. ಟೋಪಿ ಮಾತಾಡ್ತಾ ಇದೆ ಅಂತ ಮಕ್ಕಳು ನಗ್ತಾವೆ. ಹಿಂದಿನ ಸಾಲಿನವರು ಆರಾಮಾಗಿ ನಿದ್ದೆ ಹೊಡೀತಾರೆ. ಈಗ ಬಿಚ್ಚಿದರೆ ಈ ಶುಕ್ರವಾರ ಆಗೋದಿಲ್ಲ, ಅಲ್ವಾ?"

"ಆಗೋದಿಲ್ಲ."

"ಹಾಗೇ ಬಿಟ್ಟರೆ?"

"ಈ ಶುಕ್ರವಾರ ಏನೂ ಆಗಲ್ಲ. ಮಳೆಗಾಲದಲ್ಲಿ ಹೊಸ ಮರ ಹಿಗ್ಗಿ ಹಳೇ ತುಂಡುಗಳನ್ನ ಸೀಳುತ್ತೆ. ಹೊಸದು ಒಡೆದರೆ ಮತ್ತೆ ಮಾಡಬಹುದು. ಹಳೇದು ಒಡೆದರೆ ಹೋಯ್ತು."

"ಇದು ಖಾತ್ರಿನಾ?"

ಭಾವಮೈದುನ ಬಾಗಿಲಿನಿಂದ ಬೆನ್ನು ತೆಗೆದು ನೆಟ್ಟಗೆ ನಿಂತ. ಹೆಂಡತಿ ತಲೆ ಎತ್ತಿದಳು. ಅಳಿಯನಿಗೆ ಈ ಪ್ರಶ್ನೆ ಹೊಸದಲ್ಲ. ಬಾಗಿಲು ಖಾತ್ರಿನಾ, ಬೀಗ ಹಾಕಿದ್ದು ಖಾತ್ರಿನಾ ಎಂದು ಯಾರು ಕೇಳಿದರೂ ಅವನು ಎದ್ದು ಹೋಗಿ ನೋಡಿ ಬರುತ್ತಿದ್ದ. ಈಗ ಎದ್ದು ಹೋಗಿ ನೋಡಿ ಬರುವುದಕ್ಕೆ ಮಳೆಗಾಲವೇ ಬರಬೇಕಿತ್ತು.

"ಖಾತ್ರಿ," ಎಂದ.

ಇಮಾಮರು ತಲೆಯ ಟೋಪಿ ಸರಿಮಾಡಿಕೊಂಡು, "ಸರಿ, ಟೋಪಿ ಇನ್ನೊಂದಷ್ಟು ದಿನ ಮಾತಾಡಲಿ," ಎಂದರು.

ಕೆಳಚೌಕಟ್ಟನ್ನು ಹಿಡಿದಿದ್ದ ಮರದ ಬೆಣೆಗಳ ಹೊರಚಾಚಿದ ತಲೆಗಳನ್ನು ಅಳಿಯ ತಾನೇ ಚೌಕಟ್ಟಿನ ಮಟ್ಟಕ್ಕೆ ಕೊಯ್ದು ಉಜ್ಜಿದ್ದ. ಅಂದಕ್ಕೆಂದು ಹಾಗೆ ಮಾಡಿದ್ದು. ಈಗ ಅವುಗಳ ತಲೆ ಕೈಗೆ ಸಿಗಲಿಲ್ಲ. ಹಿಂದಿನಿಂದ ಕಂಬಿ ಇಟ್ಟು, ಕೊಡತಿಯಲ್ಲಿ ಮೆಲ್ಲಗೆ ಬಡಿದು, ಒಂದೊಂದನ್ನೇ ಹೊರಗೆ ನೂಕಬೇಕಾಯಿತು. ಚೌಕಟ್ಟು ಕಳಚಿದರೆ ಕೆಳಸಾಲಿನ ತುಂಡುಗಳು ತಾವಾಗಿಯೇ ಜಾರಿ ಕೈಗೆ ಬರಬೇಕು. ಒಂದೂ ಬರಲಿಲ್ಲ. ಭಾವಮೈದುನ ಕೆಳಗೆ ಬಟ್ಟೆ ಹಾಸಿ ಎರಡೂ ಕೈ ಚಾಚಿ ಕೂತವನು, ಕೈ ನೋವು ಬಂದು, ಕೆಳಗಿಳಿಸಿ, ತುಂಡುಗಳ ಕಡೆ ಬಗ್ಗಿ ನೋಡಿದ.

"ಇವು ಬರೋ ಹಾಗೆ ಕಾಣ್ಸಲ್ವಲ್ಲ ಭಾವ," ಎಂದ. ಈ ಸಲ ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ.

ಹೆಂಡತಿ ತೆಳು ಅಲಗಿನ ಚಾಕುವಿಗೆ ಮೇಣ ಸವರಿ, ತೋಡಿನ ಉದ್ದಕ್ಕೂ ಎಳೆದು ಎಳೆದು ಸಂದು ಮಾಡಿದಳು. ಮೊದಲ ತುಂಡು ಕಿರ್ರೆಂದು ಹೊರಬಂತು. ಆಮೇಲಿನವು ಒಂದೊಂದಾಗಿ ಬಂದವು. ಹೊಸ ನಕ್ಷತ್ರಗಳಲ್ಲಿ ಮೂರು ಪೂರ್ತಿಯಾಗಿ ಬಂದವು. ನಾಲ್ಕನೆಯದರ ಒಂದು ಮೂಲೆ ಪಟ್ಟಿಯಲ್ಲೇ ಸಿಕ್ಕಿ ಮುರಿದು ಉಳಿಯಿತು. ಅವಳು ಮುರಿದ ಮೂಲೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ ಅಂಗೈಯಲ್ಲಿ ಹಿಡಿದುಕೊಂಡಳು. ಅಳಿಯ ಏನೋ ಹೇಳಲು ಬಾಯಿ ತೆರೆದ.

"ಏನೂ ಹೇಳಬೇಡಿ," ಎಂದಳು. "ಇನ್ನೊಂದು ಕೆತ್ತುತೀನಿ. ಆದರೆ ಈಗ ಏನೂ ಹೇಳಬೇಡಿ."

ನಕ್ಷತ್ರದ ಪಕ್ಕದಲ್ಲಿದ್ದ ಹಳೆಯ ಪಂಚಕೋನವನ್ನು ಅಳಿಯ ಬಿಡಿಸಿದ. ಅದರ ಒಂದು ಅಂಚಿನ ನಾಲಿಗೆಯಿಂದ ಹೊರಟು ಕೆತ್ತನೆಯ ಎಲೆಯವರೆಗೆ ಒಂದು ಸಣ್ಣ ಗೆರೆ ಓಡಿತ್ತು. ಹಳೆಯ ಬಿರುಕುಗಳ ಒಳಗೆ ಧೂಳು ಕೂತು ಕಪ್ಪಾಗಿರುತ್ತದೆ. ಈ ಗೆರೆಯೊಳಗೆ ಮರ ಹೊಚ್ಚಹೊಸದಾಗಿ, ತಿಳಿ ಬಣ್ಣದಲ್ಲಿತ್ತು. ಮಳೆಗೆ ಇನ್ನೂ ತಿಂಗಳುಗಳಿದ್ದವು, ಆಗಲೇ ಶುರುವಾಗಿತ್ತು.

ಅವನು ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತುಬಿಟ್ಟ. ಅವನ ಅನುಮಾನ ನಿಜವಾಗಿತ್ತು. ಜೀವಮಾನದಲ್ಲಿ ಒಮ್ಮೆ ನಿಜವಾದದ್ದು ಇಂಥದ್ದಾಗಬೇಕೆ ಎನಿಸಿತು.

ಹೊಸ ತುಂಡುಗಳನ್ನು ಅಂಗಡಿಗೆ ಒಯ್ಯಲಿಲ್ಲ. ಮಸೀದಿಯ ಪಕ್ಕದ ಕೋಣೆಯಲ್ಲಿ, ಕೊಳದ ಗಾಳಿ ಬರುವ ಕಡೆ, ಚಾದರದ ಮೇಲೆ ಹರಡಿದರು. ಅವು ಹಿಗ್ಗುವಷ್ಟು ಹಿಗ್ಗಿ ನಿಲ್ಲಲಿ ಎಂದು ಕಾದರು. ಅತ್ತೆ ಒಂದು ದಿನ ಬಂದು, ಸಾಲಾಗಿ ಮಲಗಿದ್ದ ತುಂಡುಗಳನ್ನು ನೋಡಿ, "ಆಸ್ಪತ್ರೆ ಇದ್ದ ಹಾಗಿದೆ," ಎಂದು ಹೇಳಿ ಹೋದಳು. ಆಮೇಲೆ ಅಳಿಯ ಒಂದೊಂದು ತುಂಡಿನ ಅಂಚನ್ನೂ ಕೀಸಿ, ತೋಡಿನಲ್ಲಿ ಕೂರಿಸಿ, ಅಲುಗಿಸಿ ನೋಡಿ, ಮತ್ತೆ ಕೀಸಿದ. ಎಷ್ಟು ಸಡಿಲ ಬೇಕು ಎಂಬುದಕ್ಕೆ ತಗಡಿನ ಅಚ್ಚು ಇರಲಿಲ್ಲ. ಬಲಮಗ್ಗುಲಿಗೆ ಹೋಗಿ ಅಂಗೈ ಇಡುವುದು, ವಾಪಸ್ ಬಂದು ಕೈಯಲ್ಲಿದ್ದುದನ್ನು ಅಲುಗಿಸುವುದು, ಇಷ್ಟೇ ಅಳತೆ. ಹೆಂಡತಿ ಹೊಸ ನಕ್ಷತ್ರ ಕೆತ್ತಿದಳು. ಅದಕ್ಕೆ ಬೇಕಾದ ಮರವನ್ನು ಮಾತ್ರ ಅವನಿಗೆ ಒಣಗಿಸಲು ಕೊಡಲಿಲ್ಲ.

ಮತ್ತೆ ಜೋಡಿಸುವ ದಿನ ಭಾವಮೈದುನ ಬಿರುಕು ಬಿಟ್ಟ ಪಂಚಕೋನವನ್ನು ಎತ್ತಿ ಹಿಡಿದ.

"ಇದರ ಬದಲು ಹೊಸದು ಹಾಕಿಬಿಡೋಣ ಭಾವ. ಯಾರಿಗೂ ಗೊತ್ತಾಗಲ್ಲ."

"ಬೇಡ. ತಡೆಯುತ್ತೆ ಅದು. ಅಕ್ಕಪಕ್ಕದವು ಈಗ ಒತ್ತಲ್ಲ."

"ಕೊನೇಪಕ್ಷ ಬಿರುಕಿಗೆ ಮೇಣ ತುಂಬಿ ಕಪ್ಪು ಮಾಡೋಣ. ಕಣ್ಣಿಗೆ ಹೊಡೆಯಲ್ಲ."

ಅಳಿಯ ತುಂಡನ್ನು ಅವನ ಕೈಯಿಂದ ತೆಗೆದುಕೊಂಡು, ಇಮಾಮರ ಕೋಣೆಗೆ ಹೋಗಿ ಅವರನ್ನು ಕರೆದು ತಂದ. ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ. ಇಮಾಮರು ತುಂಡನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ದೂರ ಹಿಡಿದು, ಕಡೆಗೆ ಹೆಬ್ಬೆರಳಿನಿಂದ ಸವರಿ ನೋಡಿದರು.

"ಇದಾ? ತೋರಿಸದೇ ಇದ್ದಿದ್ದರೆ ನನಗೆ ಈ ಜನ್ಮದಲ್ಲಿ ಗೊತ್ತಾಗ್ತಾ ಇರಲಿಲ್ಲ."

"ಮುಂದೆ ಯಾವತ್ತೋ ಯಾರೋ ಬಿಚ್ಚುತಾರೆ. ಹಳೇ ಬಿರುಕು ಅಂದ್ಕೊಳ್ಳುತಾರೆ. ಹಳೇದಲ್ಲ ಇದು. ತಪ್ಪು ಹಿಂದೆ ಮಾಡಿದೋರ ಮೇಲೆ ಬರಬಾರದು. ಇದು ನನ್ನದು."

ಇಮಾಮರು ತುಂಡನ್ನು ಅವನ ಕೈಗೆ ಮರಳಿಸಿದರು. "ಆಯ್ತು. ನಿನ್ನದೇ. ನಾನು ನೆನಪಿಟ್ಕೊಂಡಿರ್ತೀನಿ, ನನ್ನ ನಂತರ ಬರೋರಿಗೂ ಹೇಳಿರ್ತೀನಿ. ಈಗ ಕೂರಿಸು. ಶುಕ್ರವಾರ ಬಂತು."

ಅವನು ಕೂರಿಸಿದ. ಹೆಂಡತಿ ಕೆಳಗಿನಿಂದ ನಕ್ಷತ್ರ ಹಿಡಿದುಕೊಟ್ಟಳು, ಭಾವಮೈದುನ ಚೌಕಟ್ಟು ಎತ್ತಿ ಹಿಡಿದ. ತುಂಡುಗಳ ನಡುವೆ ಕೂದಲೇನು, ತೆಳುವಾದ ಕಾಗದವೇ ತೂರುವಷ್ಟು ಜಾಗವಿತ್ತು. ಅವನಿಗೆ ಅದನ್ನು ನೋಡಿ ಮನಸ್ಸಿಗೆ ಸಮಾಧಾನವೇನೂ ಆಗಲಿಲ್ಲ, ಸಡಿಲ ಹೆಚ್ಚಾಯಿತೇನೋ ಎಂದು ಒಳಗೊಳಗೇ ಕೊರೆಯುತ್ತಲೇ ಇತ್ತು. ಆದರೂ ಇನ್ನು ಯಾವುದನ್ನೂ ಹೊರತೆಗೆಯಲಿಲ್ಲ.

"ಬೆಣೆ ಹೊಡೀರಿ, ಕೈ ಬಿದ್ದು ಹೋಗ್ತಾ ಇದೆ ನನ್ನ ತಮ್ಮನಿಗೆ," ಎಂದಳು ಹೆಂಡತಿ.

ಅಳಿಯ ಕೊಡತಿ ಎತ್ತಿ ಬೆಣೆಗಳನ್ನು ಹೊಡೆದ. ಭಾವಮೈದುನ ಕೈ ಒದರಿಕೊಳ್ಳುತ್ತಾ, ಹೊರಗುಳಿದ ಬೆಣೆತಲೆಗಳನ್ನು ಕೊಯ್ಯಲೆಂದು ಗರಗಸ ತಂದುಕೊಟ್ಟ. ಅಳಿಯ ಗರಗಸವನ್ನು ಚೀಲದೊಳಗೆ ಹಾಕಿದ. ಬೆಣೆಗಳ ತಲೆಗಳನ್ನು ಇಕ್ಕಳದ ಬಾಯಿಗೆ ಸಿಗುವಷ್ಟು ಹೊರಗೇ ಬಿಟ್ಟ.